ಹಸು-3, ಹಸು-7

ಜುಲೈ 1, 2013, ಸೋಮವಾರ. ಕನಕಪುರ

ವರ್ಗಾವಣೆ ಆಯಿತು. ಹನ್ನೊಂದು ವರ್ಷ ಕೋಡಿಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಹಸುಗಳಿಗೆ ಮದ್ದು ಹಾಕುತ್ತ ಸಗಣಿ ತುಳಿದವನಿಗೆ ಈಗ ಮಾಗಡಿ ಲೈನು. ಹಾರೋಹಳ್ಳಿಯ ಡೈರಿ ಆಫೀಸಿನಲ್ಲಿ ಏರಿಯಾ ಮ್ಯಾನೇಜರ್ ಸ್ವಾಮಿ ಲೆಟರ್ ಕೊಡುವಾಗ ನನ್ನ ಮುಖ ನೋಡಲಿಲ್ಲ, ತಲೆ ಮೇಲಿನ ಫ್ಯಾನ್ ನೋಡುತ್ತಿದ್ದ. "ರೊಟೇಷನ್ ಕಣ್ರೀ ಬಾಲರಾಜು, ಎಲ್ಲಾರ್ಗೂ ಐತೆ" ಅಂದ. ಎಲ್ಲರಿಗೂ ಅಂದರೆ ಅವನೊಬ್ಬನನ್ನು ಬಿಟ್ಟು. ಹೋದ ತಿಂಗಳ ಮೀಟಿಂಗಿನಲ್ಲಿ, ಕಂಪನಿ ಕಳಿಸಿದ ಪಶು ಆಹಾರದ ಮೂಟೆಯಲ್ಲಿ ಬೂಷ್ಟು ಹಿಡಿದಿದೆ ಎಂದು ನಾನು ಎದ್ದು ನಿಂತು ಹೇಳಿದ್ದಕ್ಕೆ ಇದು ಉತ್ತರ.

ನನ್ನ ಜಾಗಕ್ಕೆ ಒಬ್ಬ ಹುಡುಗಿ ಬರುತ್ತಾಳಂತೆ. ಪ್ರತಿಮಾ ಅಂತ ಹೆಸರು, ಚನ್ನಪಟ್ಟಣದವಳು, ಇಪ್ಪತ್ನಾಲ್ಕು ವರ್ಷ, ಡಿಪ್ಲೊಮಾ. ಒದೆಯುವ ಹಸುವಿನ ಹಿಂದೆ ನಿಂತು ಥರ್ಮಾಮೀಟರ್ ಇಡುವುದಕ್ಕೆ ಬರುತ್ತದೋ ಇಲ್ಲವೋ ದೇವರಿಗೇ ಗೊತ್ತು.

ಹೋಗಲಿ ಅಂದರೆ, ನಾನು ಬಾಗಿಲು ದಾಟುವಾಗ ಸ್ವಾಮಿ ಇನ್ನೊಂದು ಮಾತು ಸೇರಿಸಿದ. "ಆ ಹಸು ಆಪ್ ಐತಲ್ಲ, ಅದನ್ನೂ ಆ ಹುಡ್ಗೀಗೆ ಹ್ಯಾಂಡೋವರ್ ಮಾಡ್ಬುಡಿ."

ಅದು ಕಂಪನಿ ಕೊಟ್ಟ ಬ್ಯಾಗೂ ಅಲ್ಲ, ಬೂಟೂ ಅಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನ ಹಿಂದೆ ಮಕ್ಬೂಲನ ಸೈಬರ್ ಅಂಗಡಿ ಇದೆ. ಕೋಡ್ ಬರೆಯಲು ಬಾರದವರೂ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಆಪ್ ಮಾಡಬಹುದಾದ ಒಂದು ವೆಬ್‌ಸೈಟನ್ನು ತೋರಿಸಿಕೊಟ್ಟವನು ಅವನೇ. ಅವನ ಮೂಲೆಯ ಕಂಪ್ಯೂಟರಿನ ಮುಂದೆ ಒಂದೂವರೆ ವರ್ಷದ ಭಾನುವಾರಗಳನ್ನೆಲ್ಲ ಸುರಿದು ನಾನು ಮಾಡಿದ್ದು ಅದು. ಹಸು-1ರಲ್ಲಿ ಬರೀ ಹಸುವಿನ ಹೆಸರು, ಮನೆಯವರ ಹೆಸರು. ಹಸು-3ರ ಹೊತ್ತಿಗೆ ಬೆದೆಗೆ ಬಂದ ದಿನ, ಗಬ್ಬದ ಇಂಜೆಕ್ಷನ್ ಮಾಡಿಸಿದ ದಿನ, ಕರು ಹಾಕುವ ದಿನ ಸೇರಿದವು. ಹಸು-7 ಕೊನೆಯದು. ಅದರಲ್ಲಿ 'ಆಗದ ಔಷಧಿ' ಎಂಬ ಖಾನೆ ಇದೆ. ಆ ಖಾನೆಯಲ್ಲಿ ಏನಾದರೂ ಬರೆದಿದ್ದರೆ, ಆ ಹಸುವಿನ ಹೆಸರು ಮುಟ್ಟಿದ ಕೂಡಲೇ ಇಡೀ ಪರದೆ ಕೆಂಪಾಗುತ್ತದೆ. ಸುತ್ತಿನ 214 ಹಸುಗಳೂ ನನ್ನ ಫೋನಿನಲ್ಲಿವೆ.

ಮೊದಲು ಈ ಕೆಲಸಕ್ಕೆ ನೀಲಿ ದಾರವಿತ್ತು. ಯಾವ ಹಸುವಿಗೆ ಯಾವುದಾದರೂ ಔಷಧಿ ಒಗ್ಗುವುದಿಲ್ಲವೋ ಅದರ ಕೊರಳ ಹಗ್ಗಕ್ಕೆ ನೀಲಿ ನೈಲಾನ್ ದಾರ ಸುತ್ತುತ್ತಿದ್ದೆ. ದಾರ ಇದ್ದ ಹಸುವಿಗೆ ಕೇಳದೆ ಸೂಜಿ ಹಾಕಬಾರದೆಂದು ಆ ಕಡೆಯ ಎಲ್ಲ ಮನೆಯವರಿಗೂ ಗೊತ್ತು. ಹನ್ನೊಂದು ಹಸುಗಳಿಗೆ ಇತ್ತು. ಮೇ ತಿಂಗಳಲ್ಲಿ ಹಸು-7 ಸಿದ್ಧವಾದಾಗ ನಾನೇ ಕತ್ತರಿ ಹಿಡಿದು ಹೋಗಿ ಹನ್ನೊಂದನ್ನೂ ತೆಗೆದುಹಾಕಿದೆ. ಕೋಡಿಹಳ್ಳಿಯ ಮಾಯಮ್ಮಕ್ಕನ ಹಸು ಚುಕ್ಕಿಯದು ಕೊನೆಯದು. ಹೋದ ವರ್ಷ ಪೆನ್ಸಿಲಿನ್ ಹಾಕಿ ಐದು ನಿಮಿಷವಾಗಿರಲಿಲ್ಲ, ಆ ಹಸು ಕುಸಿದು ನಾಲಗೆ ಚಾಚಿತ್ತು. ನಾನು ಕೂಡಲೇ ಇನ್ನೊಂದು ಸೂಜಿ ಕೊಟ್ಟು ಉಳಿಸಿಕೊಂಡಿದ್ದೆ.

"ಯಾಕಪ್ಪ ಕುಯ್ತೀಯ, ಇದ್ರೆ ಇರ್ಲಿ ಬುಡು" ಅಂದಿದ್ದಳು ಮಾಯಮ್ಮಕ್ಕ.

"ಇನ್ನು ದಾರ ಬ್ಯಾಡ ಕಣಕ್ಕ. ಎಲ್ಲಾ ಫೋನ್‌ನಾಗೈತೆ. ಯಾರೇ ಬಂದ್ರೂ ಫೋನ್ ನೋಡೇ ಸೂಜಿ ಹಾಕೋದು" ಅಂದಿದ್ದೆ.

ಇಷ್ಟನ್ನೂ ಒಂದು ಪೆನ್‌ಡ್ರೈವಿಗೆ ತುಂಬಿ, ನಿನ್ನೆ ಮೊನ್ನೆ ಬಂದವಳ ಕೈಗೆ ಕೊಟ್ಟು ಕೈ ಮುಗಿಯಬೇಕಂತೆ.

ಜುಲೈ 3, ಬುಧವಾರ

ಮಕ್ಬೂಲನ ಅಂಗಡಿಗೆ ಹೋಗಿದ್ದೆ. ವೆಬ್‌ಸೈಟಿನಲ್ಲಿ ನನ್ನ ಪ್ರಾಜೆಕ್ಟುಗಳ ಪಟ್ಟಿ ತೆರೆದರೆ ಏಳೂ ಸಾಲಾಗಿ ನಿಂತಿದ್ದವು. ಪ್ರತಿ ಸಲ ದೊಡ್ಡ ಬದಲಾವಣೆ ಮಾಡುವ ಮೊದಲು ಹಳೆಯದರ ಒಂದು ನಕಲು ಇಟ್ಟುಕೊಳ್ಳುವುದು ನನ್ನ ಪದ್ಧತಿ. ಅದನ್ನು ಕಲಿಸಿದವನೂ ಮಕ್ಬೂಲನೇ.

ಹಸು-7ರ ಎದುರಿಗೆ ಗುರುತು ಹಾಕಿದೆ. ಆಮೇಲೆ ತೆಗೆದೆ. ಹಸು-3ಕ್ಕೆ ಹಾಕಿದೆ. 'ಕಂಪ್ಯೂಟರಿಗೆ ಇಳಿಸು' ಒತ್ತಿದೆ.

ಹಿಂದೆ ನಿಂತಿದ್ದ ಮಕ್ಬೂಲ್ ನೋಡಿಬಿಟ್ಟ. "ಅಣ್ಣಾ, ಅದು ಹಳೇದಲ್ವಾ? ಕೆಂಪು ಬರೋದು ಇದ್ರಾಗಿಲ್ಲ."

"ಅವ್ರು ಕೇಳಿದ್ದು ಹಸು ಆಪ್. ಇದೂ ಹಸು ಆಪೇ."

"ಡೇಟಾ ಫೈಲ್? ಪ್ರಾಜೆಕ್ಟ್ ಫೈಲ್‌ನಾಗೆ ಹಸುಗಳು ಹೋಗಲ್ಲ ಅಣ್ಣಾ. ಅದು ಬರೀ ಆಪಿನ ನಕ್ಷೆ. ಹಸುಗಳೆಲ್ಲ ನಿನ್ ಫೋನ್‌ನಾಗೇ ಕೂತಿರ್ತವೆ."

"ಗೊತ್ತು ಕಣೋ."

"ಗೊತ್ತಿದ್ದೂ ಹಿಂಗ್ ಮಾಡ್ತೀಯಾ?"

ಗೊತ್ತಿದ್ದೇ ಮಾಡುತ್ತಿದ್ದೇನೆ. ಖಾಲಿ ಕೊಟ್ಟಿಗೆ ಕೊಡುತ್ತೇನೆ, ಹಸುಗಳನ್ನು ಅವಳೇ ಹಿಡಿದು ತಂದುಕೊಳ್ಳಲಿ. ಒಂದು ವಾರ ಒದ್ದಾಡಿ, ಸ್ವಾಮಿಯ ಮುಂದೆ ಅತ್ತು, ಅವನು ನನಗೆ ಫೋನ್ ಮಾಡಿ ರಾಗ ಬದಲಿಸಿದ ಮೇಲೆ ಉಳಿದದ್ದು ನೋಡಿಕೊಂಡರಾಯಿತು. ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ. ಎರಡು ದಿನದಿಂದ ಸರಿಯಾಗಿ ಊಟ ಸೇರಿರಲಿಲ್ಲ.

ಜುಲೈ 5, ಶುಕ್ರವಾರ

ಹ್ಯಾಂಡೋವರ್ ಮುಗಿಯಿತು. ಹುಡುಗಿ ಬೆಳಿಗ್ಗೆ ಎಂಟಕ್ಕೇ ಆಫೀಸಿಗೆ ಬಂದು ಕೂತಿದ್ದಳಂತೆ. ತೆಳ್ಳಗೆ, ಎಣ್ಣೆ ಹಚ್ಚಿದ ಜಡೆ, ಕಾಲಿಗೆ ಗಂಡಸರ ಗಮ್‌ಬೂಟು. ನನ್ನನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದಳು. ನಾಟಕ ಚೆನ್ನಾಗಿ ಬರುತ್ತದೆ.

ಪೆನ್‌ಡ್ರೈವ್ ಹಾಕಿ, ಕಂಪನಿಯ ಹೊಸ ಖಾತೆಗೆ ಪ್ರಾಜೆಕ್ಟ್ ಏರಿಸಿ, ಅಲ್ಲಿಂದ ಅವಳ ಫೋನಿಗೆ ಆಪ್ ಇಳಿಸಿ ತೋರಿಸಿದೆ. ಎಲ್ಲ ಹದಿನೈದು ನಿಮಿಷದ ಕೆಲಸ. ಅವಳು ತೆರೆದು ನೋಡಿದಳು.

"ಸಾರ್, ಇದ್ರೊಳ್ಗೆ ಹಸುಗಳೇ ಇಲ್ವಲ್ಲ?"

"ಆಪ್ ಕೇಳಿದ್ರು, ಆಪ್ ಕೊಟ್ಟಿದೀನಿ. ಹಸುಗಳು ಕೋಡಿಹಳ್ಳೀಲಿ ಅವೆ, ಹೋಗಿ ನೋಡ್ಕಳಮ್ಮ."

ಸ್ವಾಮಿ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ, ಕೇಳಿಸಿಕೊಳ್ಳಲಿಲ್ಲ. ಹುಡುಗಿ ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ 'ಪ್ರಾಜೆಕ್ಟ್ ಪೂರ್ಣವಾಗಿ ಸ್ವೀಕರಿಸಿದ್ದೇನೆ' ಎಂಬ ಕಾಗದಕ್ಕೆ ಸಹಿ ಹಾಕಿದಳು. ಸಹಿಯ ಕೆಳಗೆ ತಾರೀಕನ್ನು ಮೂರು ಸಲ ನೋಡಿ ಬರೆದಳು. ಕಾಗದದ ಒಂದು ಜೆರಾಕ್ಸ್ ನನ್ನ ಹತ್ತಿರವೇ ಇದೆ.

ಜುಲೈ 10, ಬುಧವಾರ. ಮಾಗಡಿ

ರೂಮು ಸಿಕ್ಕಿತು. ಕಿಟಕಿ ತೆರೆದರೆ ಎದುರುಮನೆ ಗೋಡೆ. ಇಲ್ಲಿನ ಹಸುಗಳಿಗೆ ನನ್ನ ಕೈ ಗೊತ್ತಿಲ್ಲ, ಎಲ್ಲ ಒದೆಯುತ್ತವೆ. ಜನ ಅದಕ್ಕಿಂತ ಮೇಲು. "ಹಳೇ ಸಾರ್ ಹಿಂಗ್ ಮಾಡ್ತಿರ್ಲಿಲ್ಲ" ಎಂಬ ಮಾತನ್ನು ಒಂದೇ ದಿನ ಆರು ಬಾಯಲ್ಲಿ ಕೇಳಿದೆ.

ಜುಲೈ 14, ಭಾನುವಾರ

ಊರಿಗೆ ಹೋಗಲಿಲ್ಲ. ಆ ಹುಡುಗಿ ಈ ವಾರದಲ್ಲಿ ನಾಲ್ಕನೇ ಸಲ ಫೋನ್ ಮಾಡಿದಳು. ಇವತ್ತಿನ ಪ್ರಶ್ನೆ, "ಸಾರ್, ದೊಡ್ಡಲಕ್ಷ್ಮಮ್ಮೋರ ಮನೇಲಿ ಎರಡು ಹಸು ಅವೆ, ಎರಡಕ್ಕೂ ಗೌರಿ ಅಂತಾರೆ. ಆಪ್‌ನಾಗೆ ನೀವು ಹೆಂಗ್ ಬರ್ಕಂತಿದ್ರಿ?"

ದೊಡ್ಡ ಗೌರಿ, ಸಣ್ಣ ಗೌರಿ ಎಂದು ಬರೆಯುತ್ತಿದ್ದೆ. ಹೇಳಲಿಲ್ಲ.

"ನೋಡಮ್ಮ, ನಂದು ಈಗ ಮಾಗಡಿ ಲೈನು. ಭಾನುವಾರ ಮನುಷ್ಯ ಬಟ್ಟೆ ಒಗೀಬೇಕು. ಇನ್ಮ್ಯಾಕೆ ಫೋನ್ ಮಾಡ್ಬ್ಯಾಡ."

"ಸರಿ ಸಾರ್, ತಪ್ಪಾಯ್ತು" ಅಂದಳು. ಅಳುತ್ತಾಳೇನೋ ಎಂದು ಸ್ವಲ್ಪ ಹೊತ್ತು ಫೋನ್ ಕಿವಿಯಲ್ಲೇ ಇಟ್ಟುಕೊಂಡಿದ್ದೆ. ಅಳಲಿಲ್ಲ, ಇಟ್ಟುಬಿಟ್ಟಳು.

ಜುಲೈ 22, ಸೋಮವಾರ

ಎಂಟು ದಿನವಾಯಿತು, ಫೋನ್ ಇಲ್ಲ. ಒಳ್ಳೆಯದೇ ಆಯಿತು.

ಜುಲೈ 28, ಭಾನುವಾರ. ಕನಕಪುರ

ಸಂತೆ ಬೀದಿಯಲ್ಲಿ ಕೋಡಿಹಳ್ಳಿ ಕಡೆಯ ಸಿದ್ದಯ್ಯ ಸಿಕ್ಕಿದ. ಹತ್ತು ವರ್ಷ ನನ್ನ ಕೈಯಲ್ಲೇ ಹಸು ತೋರಿಸಿದವನು. "ಹೊಸ ಹುಡ್ಗಿ ಹೆಂಗೆ?" ಎಂದು ಕೇಳಿದೆ. ಕೇಳಬಾರದಿತ್ತು.

"ಅಯ್ಯೋ, ಭಾರಿ ಗಟ್ಟಿಗಿತ್ತಿ ಕಣಪ್ಪ. ಮನೆಮನೆಗೂ ನಡ್ಕಂಡೇ ಬತ್ತದೆ. ಫೋನ್ ತಗದು ಒಂದೊಂದೇ ಕೇಳ್ತದೆ, ಯಾವಾಗ್ ಬೆದೆಗ್ ಬಂತು, ಯಾವಾಗ್ ಕರ ಹಾಕ್ತು ಅಂತ. ಕುಂತ್ಕಂಡು ಎಲ್ಲಾನೂ ಬರ್ಕಂತದೆ. ನೂರೈವತ್ತು ಹಸಾ ಆಗೋಯ್ತಂತೆ."

ಮೂರು ವಾರದಲ್ಲಿ ನೂರೈವತ್ತು. ನನಗೆ ಒಂದು ವರ್ಷ ಹಿಡಿದಿತ್ತು. ಆದರೆ ನಾನು ಕೆಲಸದ ನಡುವೆ ಬರೆದವನು, ಅವಳಿಗೆ ಬೇರೆ ಏನಿದೆ ಕೆಲಸ?

ಮಕ್ಬೂಲನಿಗೆ ಇದನ್ನೇ ಹೇಳಿ ಬೈದೆ. ಅವನು ಟೀ ಗ್ಲಾಸು ಕೆಳಗಿಟ್ಟು, "ಅಣ್ಣಾ, ಎರಡ್ ನಿಮಿಷದ ಕೆಲ್ಸ. ಏಳನೇದು ಇಳ್ಸಿ ಮೇಲ್ ಹಾಕ್ಬುಡು. ಆ ಹನ್ನೊಂದ್ ಹಸು ನೆಪ್ಪೈತಾ ನಿಂಗೆ?" ಅಂದ.

ನೆನಪಿಲ್ಲದೆ ಏನು? ಹನ್ನೊಂದರ ಹೆಸರೂ ಬಾಯಿಪಾಠ. ಆದರೆ ಅವಳು ಕೇಳಲಿ. ಗೌರಿ ಬಗ್ಗೆ ಕೇಳಲು ಬಾಯಿ ಬರುತ್ತದೆ, 'ಸಾರ್, ಇನ್ನೇನಾದರೂ ಉಳಿದಿದೆಯಾ' ಎಂದು ಕೇಳಲು ಬರುವುದಿಲ್ಲವೆ? ಫೋನ್ ಮಾಡಬೇಡ ಎಂದದ್ದು ನಾನೇ, ನಿಜ. ಸ್ವಾಮಿಯ ಕೈಯಲ್ಲಿ ಮಾಡಿಸಬಹುದಲ್ಲ.

ಮುಂದಿನ ವಾರ ನೋಡೋಣ ಅಂದೆ.

ಆಗಸ್ಟ್ 5, ಸೋಮವಾರ

ಹಾರೋಹಳ್ಳಿಯಲ್ಲಿ ತಿಂಗಳ ಮೀಟಿಂಗ್. ಸ್ವಾಮಿ ಪ್ರೊಜೆಕ್ಟರ್ ಹಾಕಿ ಗೋಡೆಯ ಮೇಲೆ ನನ್ನ ಹಸು-3 ತೋರಿಸಿದ. ಮೇಲೆ ಕಂಪನಿಯ ಗುರುತು ಬೇರೆ ಅಂಟಿಸಿದ್ದಾರೆ. "ನಮ್ ಕಂಪನಿ ಆಪ್. ಒಂದೇ ತಿಂಗಳಲ್ಲಿ ಇನ್ನೂರಾ ಹದಿನಾಲ್ಕು ಹಸು ರಿಜಿಸ್ಟರ್ ಆಗವೆ. ಚಪ್ಪಾಳೆ ಹೊಡೀರಿ" ಅಂದ. ಇಪ್ಪತ್ತು ಜನ ಹೊಡೆದರು.

ಆಗ ಆ ಹುಡುಗಿ ಎದ್ದು ನಿಂತು, "ಇದು ಬಾಲರಾಜು ಸಾರ್ ಮಾಡಿರೋದು, ನಾನು ಬರೀ ತುಂಬ್ದೆ ಅಷ್ಟೇಯ" ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಎಂಥ ಚಾಲಾಕಿ. ನನ್ನನ್ನು ಹೊಗಳಿ ತಾನು ದೊಡ್ಡವಳಾದಳು. ಆ ಖಾಲಿ ಕೊಟ್ಟಿಗೆಯನ್ನು ಅಷ್ಟು ಜನರ ಮುಂದೆ ನನ್ನ ಹೆಸರಿಗೆ ಬರೆದಳು. ಬೇಕೆಂದೇ ಮಾಡಿದ್ದು.

ಮೀಟಿಂಗ್ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿದ್ದಳು. ನಾನು ಇನ್ನೊಂದು ಬಾಗಿಲಿಂದ ಹೊರಟೆ. ಹಸು-7 ಕಳಿಸೋಣ ಎಂದುಕೊಂಡಿದ್ದೆ ಈ ವಾರ. ಇನ್ನು ಕಳಿಸಿದರೆ ನನ್ನನ್ನು ಏನೆಂದುಕೊಳ್ಳುತ್ತಾರೆ?

ಆಗಸ್ಟ್ 11, ಭಾನುವಾರ. ಕನಕಪುರ

ಮಕ್ಬೂಲನ ಅಂಗಡಿಯಲ್ಲಿ ಎರಡು ಗಂಟೆ ಕೂತೆ. ಹಸು-7ನ್ನು ಇಳಿಸಿದೆ. ಫೋನಿನಲ್ಲಿ 'ಬ್ಯಾಕಪ್' ಒತ್ತಿ ಹಸುಗಳ ಫೈಲನ್ನೂ ಹೊರತೆಗೆದೆ. ಮೇಲ್ ತೆರೆದು ಅವಳ ವಿಳಾಸ ಹಾಕಿದೆ. ಆ ವಿಳಾಸವೂ ಹ್ಯಾಂಡೋವರ್ ಕಾಗದದಲ್ಲೇ ಇತ್ತು. ಆಮೇಲೆ ಅಳಿಸಿ ನನ್ನ ವಿಳಾಸ ಹಾಕಿ ನನಗೇ ಕಳಿಸಿಕೊಂಡೆ. ಒಂದು ಪ್ರತಿ ಪೆನ್‌ಡ್ರೈವಿಗೆ, ಒಂದು ಮೆಮೊರಿ ಕಾರ್ಡಿಗೆ. ಈಗ ಮೂರು ಕಡೆ ಭದ್ರವಾಗಿದೆ. ಫೋನ್ ಕಳೆದರೂ ಚಿಂತೆಯಿಲ್ಲ.

"ಬ್ಯಾಂಕ್ ಲಾಕರ್‌ನಾಗೂ ಒಂದ್ ಮಡಗಣ್ಣ" ಅಂದ ಮಕ್ಬೂಲ್. ಟೀ ಕೂಡ ತರಿಸಲಿಲ್ಲ ಇವತ್ತು.

ಆಗಸ್ಟ್ 19, ಸೋಮವಾರ. ಮಾಗಡಿ

ಇಲ್ಲಿ ಮುನಿಯಪ್ಪ ಎಂಬವರ ಹಸುವಿಗೆ ಸಲ್ಫಾ ಹಾಕಿದರೆ ಮೈಯೆಲ್ಲ ದದ್ದು ಏಳುತ್ತದೆಂದು ತಿಳಿಯಿತು. ಫೋನಿನಲ್ಲಿ ಬರೆದುಕೊಂಡೆ. ಪರದೆ ಕೆಂಪಾಯಿತು. ಆಮೇಲೆ ಅವರ ಮಗನನ್ನು ಅಂಗಡಿಗೆ ಕಳಿಸಿ ನೀಲಿ ನೈಲಾನ್ ದಾರ ತರಿಸಿ ಕೊರಳ ಹಗ್ಗಕ್ಕೆ ಸುತ್ತಿದೆ. ಯಾಕೆ ಸುತ್ತಿದೆನೋ. ಕೈಗೆ ಹಳೆಯ ಅಭ್ಯಾಸ.

ರಾತ್ರಿ ಊಟಕ್ಕೆ ಮುದ್ದೆ ಗಂಟಾಗಿತ್ತು. ಹೋಟೆಲಿನವನಿಗೆ ಬೈದೆ.

ಆಗಸ್ಟ್ 27, ಮಂಗಳವಾರ

ಚುಕ್ಕಿ ಸತ್ತಿತು.

ಬೆಳಿಗ್ಗೆ ಹತ್ತೂವರೆಗೆ ಸ್ವಾಮಿಯ ಫೋನ್. ಕೆಚ್ಚಲು ಬಾತು ಜ್ವರ ಬಂದಿತ್ತಂತೆ. ಪ್ರತಿಮಾ ಹೋಗಿ ಪೆನ್ಸಿಲಿನ್ ಹಾಕಿದಳಂತೆ. ಕುಸಿದ ಮೇಲೆ ಎರಡನೇ ಸೂಜಿಗೆ ಔಷಧಿ ತೆಗೆಯುತ್ತಿದ್ದಳಂತೆ, ಅಷ್ಟರಲ್ಲಿ ಹೋಯಿತಂತೆ. ಊರವರೆಲ್ಲ ಸೇರಿ ಅವಳ ಬ್ಯಾಗ್ ಕಿತ್ತುಕೊಂಡು ಕೂರಿಸಿದ್ದಾರಂತೆ.

"ಬಾಲರಾಜು, ಒಂದೇ ಮಾತು. ನೀವು ಕೊಟ್ಟ ಆಪ್ ಪೂರ್ತಿ ಇತ್ತಾ? ಏನೂ ಬಿಟ್ಟೋಗಿರ್ಲಿಲ್ವಾ?"

"ಪೂರ್ತಿ ಇತ್ತು ಸಾರ್. ಸಹಿ ಹಾಕವ್ಳಲ್ಲ, ನೋಡಿ."

"ಅಷ್ಟ್ ಸಾಕು" ಅಂದ.

ಒಂದು ಉಸಿರಿನಲ್ಲಿ ಬಂತು ಆ ಮಾತು. ನನ್ನ ಬಾಯಿಂದಲೇ ಬಂತು.

ಆಗಸ್ಟ್ 28, ಬುಧವಾರ

ಕೆಲಸಕ್ಕೆ ಹೋಗಲಿಲ್ಲ.

ಆಗಸ್ಟ್ 30, ಶುಕ್ರವಾರ

ಪ್ರತಿಮಾಳನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ವಿಚಾರಣೆ ನಡೆಯುವವರೆಗೆ ಹಳ್ಳಿಗಳ ಕಡೆ ಹೋಗಕೂಡದು ಎಂದು ಕಾಗದ ಕೊಟ್ಟಿದ್ದಾರಂತೆ. ನಾನು ಜುಲೈ ಮೂರರಂದು ಕೂತು ಬೇಕೆಂದದ್ದೆಲ್ಲ ಆಯಿತು. ಅವಳು ಒದ್ದಾಡಬೇಕು ಎಂದಿದ್ದೆ, ಆಯಿತು. ಸ್ವಾಮಿ ರಾಗ ಬದಲಿಸಬೇಕು ಎಂದಿದ್ದೆ, "ನೀವೇ ವಾಪಸ್ ಬಂದ್ಬುಡಿ ಕೋಡಿಹಳ್ಳಿಗೆ" ಎಂದು ಇವತ್ತು ಅವನೇ ಕೇಳಿದ.

ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಸಂಜೆ ಫೋನಿನಲ್ಲಿ ಚುಕ್ಕಿಯ ಹೆಸರು ಮುಟ್ಟಿದೆ. ಕೆಂಪಾಯಿತು. ಮುಚ್ಚಿದೆ. ಮತ್ತೆ ತೆರೆದೆ. ಸರಿಯಾಗೇ ಕೆಲಸ ಮಾಡುತ್ತಿದೆ.

ಮಾಯಮ್ಮಕ್ಕ ಫೋನ್ ಮಾಡಿದ್ದಳು. ಬೈಯಲಿಲ್ಲ. "ಭಾನುವಾರ ಒಸಿ ಬಂದೋಗಪ್ಪ. ಚುಕ್ಕಿ ಕರ ಐತಲ್ಲ ಕೆಂಪಿ, ಅದಕ್ಕೂ ಅವ್ವುಂದೇ ಮೈ ಇದ್ದಾತು. ನೀಲಿ ದಾರ ಕಟ್ಟೋಗು" ಅಂದಳು.

ಸೆಪ್ಟೆಂಬರ್ 1, ಭಾನುವಾರ

ಕೋಡಿಹಳ್ಳಿಗೆ ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೊಟ್ಟಿಗೆಯಲ್ಲಿ ಚುಕ್ಕಿಯ ಜಾಗ ತೊಳೆದು ಖಾಲಿ ಬಿಟ್ಟಿದ್ದರು. ಐದು ತಿಂಗಳ ಕೆಂಪಿ ಪಕ್ಕದ ಗೂಟದಲ್ಲಿತ್ತು. ಮಾಯಮ್ಮಕ್ಕನ ಮಗ ಹಾರೋಹಳ್ಳಿ ಫ್ಯಾಕ್ಟರಿಗೆ ಶಿಫ್ಟಿಗೆ ಹೋಗಿದ್ದ. ಅವಳೊಬ್ಬಳೇ ಜಗಲಿ ಮೇಲೆ ಹುರುಳಿ ಹಸನು ಮಾಡುತ್ತಿದ್ದಳು. ನಾನು ಕೇಳದಿದ್ದರೂ ಹೇಳಿದಳು.

"ಆ ಮಗು ಬಂತು, ಜ್ವರ ನೋಡ್ತು. ಆಮ್ಯಾಕೆ ಫೋನ್ ತಗದು ನೋಡ್ತು. ನಾನು ಫೋನ್ನೇ ನೋಡ್ತಾ ನಿಂತಿದ್ದೆ ಕಣಪ್ಪ. ಸೂಜಿ ಆಗಕಿಲ್ಲ ಅಂತ ನನ್ ಬಾಯ್ನಾಗೇ ಇತ್ತು. ಆದ್ರೆ ಫೋನ್ ನೋಡೇ ಹಾಕೋದು ಅಂತ ನೀನೇ ಯೋಳಿದ್ಯಲ್ಲ. ಅದು ನೋಡ್ತು, ಹಾಕ್ತು. ಫೋನ್‌ಗೆ ಗೊತ್ತಿರೋದ್ಕಿಂತ ನಂಗೇನ್ ಗೊತ್ತಿದ್ದಾತು ಅಂತ ಸುಮ್ಕಾದೆ."

ನಾನು ಜೇಬಿನಿಂದ ದಾರ ತೆಗೆದು ಕೆಂಪಿಯ ಹತ್ತಿರ ಕೂತೆ. ಆಗ ಹಿತ್ತಲ ಕಡೆಯಿಂದ ಪ್ರತಿಮಾ ಬಂದಳು, ಕೈಯಲ್ಲಿ ಬೂಸಾ ಕಲಸಿದ ಬಕೆಟ್ಟು. ಬರಕೂಡದು ಎಂದು ಕಾಗದ ಕೊಟ್ಟಿದ್ದರೂ ಚನ್ನಪಟ್ಟಣದಿಂದ ಎರಡು ಬಸ್ ಹತ್ತಿ ಬಂದಿದ್ದಾಳೆ. ಆ ದಿನದಿಂದ ಬರುವುದು ಇದು ಮೂರನೇ ಸಲವಂತೆ. ಮೊದಲ ಸಲ ಮಾಯಮ್ಮಕ್ಕ ಬಾಗಿಲಲ್ಲೇ ಉಗಿದು ಕಳಿಸಿದ್ದಳಂತೆ. ಎರಡನೇ ಸಲ ಕೊಟ್ಟಿಗೆಗೆ ಬಿಟ್ಟುಕೊಂಡಳಂತೆ.

ನನ್ನನ್ನು ಕಂಡು ಬಕೆಟ್ ಇಟ್ಟಳು. ಈ ಸಲ ನಮಸ್ಕಾರ ಮಾಡಲಿಲ್ಲ.

"ಸಾರ್, ನಿಮ್ ಆಪ್ ಏನೇನ್ ಕೇಳ್ತೋ ಅದನ್ನೆಲ್ಲ ಮನೆಮನೆಗೂ ಹೋಗಿ ಕೇಳ್ದೆ. ಹನ್ನೊಂದ್ ವರ್ಷ ಹಸು ನೋಡ್ದೋರು ಮಾಡಿರೋದು, ಇದ್ಕಿಂತ ಇನ್ನೇನ್ ಕೇಳೋದೈತೆ ಅಂದ್ಕಂಡೆ. ಅದು ಕೇಳ್ದೆ ಇದ್ದಿದ್ದ ನಾನೂ ಕೇಳ್ಲಿಲ್ಲ. ಬುದ್ಧಿ ಇರ್ಬೇಕಿತ್ತು ನಂಗೆ."

ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದಳು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜೆರಾಕ್ಸ್ ಕಾಗದವೂ ಜೇಬಿನಲ್ಲೇ ಇತ್ತು. ಯಾಕೆ ಫೋನ್ ತೆಗೆದೆನೋ ನನಗೇ ಗೊತ್ತಿಲ್ಲ. ಚುಕ್ಕಿಯ ಹೆಸರು ಮುಟ್ಟಿ ಅವಳ ಕೈಗೆ ಕೊಟ್ಟೆ.

ಪರದೆ ಕೆಂಪಾಗಿತ್ತು. ಅವಳು ಓದಿದಳು. ಮತ್ತೆ ಓದಿದಳು.

"ಇದು ಯಾವಾಗ್ಲಿಂದ ಐತೆ ಸಾರ್?"

"ಮೇ ತಿಂಗಳಿಂದ."

"ನಂಗೆ ಆಪ್ ಕೊಟ್ಟಿದ್ದು ಜುಲೈನಾಗೆ."

"ಹೂಂ."

ಮಾಯಮ್ಮಕ್ಕನಿಗೆ ಓದು ಬರುವುದಿಲ್ಲ. ಮೊರ ಕೆಳಗಿಟ್ಟು ಬಂದು ಪ್ರತಿಮಾಳ ಭುಜದ ಮೇಲಿಂದ ಇಣುಕಿದಳು. "ಯಾಕ್ ಹಿಂಗ್ ಕೆಂಪುಗೈತೆ ಇದು? ನಿನ್ ಫೋನ್‌ನಾಗೆ ಹಿಂಗ್ ಬರ್ತಿರ್ಲಿಲ್ವಲ್ಲ ಮಗಾ?" ಎಂದು ಕೇಳಿದಳು.

ಪ್ರತಿಮಾ ಹೇಳಬಹುದಿತ್ತು. ಹೇಳಲಿಲ್ಲ, ನನ್ನ ಮುಖ ನೋಡಿದಳು. ಕೊನೆಗೆ ನಾನೇ ಹೇಳಬೇಕಾಯಿತು. ಎರಡು ಆಪ್ ಇತ್ತು ಅಕ್ಕ, ಚುಕ್ಕಿಗೆ ಆಗಲ್ಲ ಅಂತ ಇದ್ದದ್ದನ್ನ ನಾನೇ ಮಡಿಕ್ಕಂಡೆ, ಇಲ್ಲದ್ದನ್ನ ಇವಳಿಗೆ ಕೊಟ್ಟೆ ಅಂದೆ.

ಮಾಯಮ್ಮಕ್ಕ ಕೂಗಾಡುತ್ತಾಳೆ, ಮಣ್ಣು ತೂರುತ್ತಾಳೆ ಎಂದುಕೊಂಡೆ. ತೂರಿದ್ದರೆ ಚೆನ್ನಾಗಿತ್ತು. ಅವಳು ಬಗ್ಗಿ ನನ್ನ ಕೈಯಿಂದ ಆ ನೀಲಿ ದಾರ ತೆಗೆದುಕೊಂಡಳು, ಪ್ರತಿಮಾಳ ಕೈಗೆ ಕೊಟ್ಟಳು.

"ಇವ್ಳು ಕಟ್ಟಲಿ. ನೀನ್ ಹೋಗಪ್ಪ" ಅಂದಳು.

ಗಾಡಿ ಸ್ಟಾರ್ಟ್ ಮಾಡಲು ನಾಲ್ಕು ಸಲ ಒದೆಯಬೇಕಾಯಿತು. ಹನ್ನೊಂದು ವರ್ಷದಲ್ಲಿ ಆ ಮನೆಯಿಂದ ನೀರು ಮಜ್ಜಿಗೆ ಕುಡಿಯದೆ ಬಂದದ್ದು ಇವತ್ತೇ.

ಸೆಪ್ಟೆಂಬರ್ 3, ಮಂಗಳವಾರ. ಹಾರೋಹಳ್ಳಿ

ಬೆಳಿಗ್ಗೆ ಮಕ್ಬೂಲನ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ಹಸು-7ರ ಪ್ರಾಜೆಕ್ಟ್ ಫೈಲು, ಹಸುಗಳ ಫೈಲು, ಎರಡನ್ನೂ ಕಂಪನಿಯ ಖಾತೆಗೂ ಪ್ರತಿಮಾಳ ಮೇಲ್‌ಗೂ ಕಳಿಸಿದೆ. ಮಕ್ಬೂಲ್ ಹೇಳಿದ ಹಾಗೆ ಎರಡೇ ನಿಮಿಷ ಹಿಡಿಯಿತು.

ಆಮೇಲೆ ಹಾರೋಹಳ್ಳಿಗೆ ಹೋಗಿ ಹ್ಯಾಂಡೋವರ್ ಜೆರಾಕ್ಸಿನ ಹಿಂದೆಯೇ ಬರೆದು ಸ್ವಾಮಿಗೆ ಕೊಟ್ಟೆ: ಪೂರ್ಣವಾಗಿ ಕೊಟ್ಟಿರಲಿಲ್ಲ, ಹಳೆಯದನ್ನು ಗೊತ್ತಿದ್ದೇ ಕೊಟ್ಟೆ, ಫೋನಿನಲ್ಲಿ ಕೇಳಿದಾಗ ಸುಳ್ಳು ಹೇಳಿದೆ. ಸ್ವಾಮಿ ಓದಿ ಮುಗಿಸಿ ಈ ಸಲ ಫ್ಯಾನ್ ನೋಡಲಿಲ್ಲ. "ಏನ್ರೀ ನೀವು, ಮನುಷ್ಯರಾ?" ಅಂದ. ಅವನ ಬಾಯಲ್ಲಿ ಆ ಮಾತು ಕೇಳಬೇಕಾಗಿ ಬಂತಲ್ಲ ಎಂದು ಮೈ ಉರಿಯಿತು. ಬೂಷ್ಟು ಮೂಟೆ ಹಂಚಿದವನು ಅವನು. ಆದರೂ ಕಾಗದ ಅವನ ಮೇಜಿನ ಮೇಲೇ ಬಿಟ್ಟು ಬಂದೆ.

ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಪ್ರತಿಮಾ ನಾಳೆಯಿಂದ ಹೋಗಬಹುದು.

ಪ್ರಾಜೆಕ್ಟ್ ಪಟ್ಟಿಯಿಂದ ಏಳನ್ನೂ ಅಳಿಸಿದೆ. ಪಟ್ಟಿ ಖಾಲಿಯಾದರೆ, ಹೊಸದನ್ನು ಶುರು ಮಾಡಿ ಎಂದು ಅದೇ ಹೇಳುತ್ತದೆ.

ಸೆಪ್ಟೆಂಬರ್ 15, ಭಾನುವಾರ. ಕನಕಪುರ

ಹನ್ನೆರಡು ದಿನದಿಂದ ಏನೂ ಬರೆದಿಲ್ಲ. ಮನೆಯಲ್ಲಿ ಕೂತರೆ ಬರೆಯುವುದಕ್ಕೆ ಏನಿರುತ್ತದೆ?

ಇವತ್ತು ಪ್ರತಿಮಾಳಿಂದ ಮೇಲ್ ಬಂದಿತ್ತು. ಸಾರ್ ಇಲ್ಲ, ನಮಸ್ಕಾರ ಇಲ್ಲ. 'ಹಸು-8. ನೋಡಿ. ತಪ್ಪಿದ್ದರೆ ತಿಳಿಸಿ.' ಜೊತೆಗೆ ಪ್ರಾಜೆಕ್ಟ್ ಫೈಲು, ಹಸುಗಳ ಫೈಲು, ಎರಡೂ ಇದ್ದವು.

ಮಕ್ಬೂಲನ ಅಂಗಡಿಯಲ್ಲಿ ಏರಿಸಿ ಫೋನಿಗೆ ಇಳಿಸಿಕೊಂಡೆ. 'ಆಗದ ಔಷಧಿ' ಖಾನೆಯ ಕೆಳಗೆ ಅವಳು ಇನ್ನೂ ಎರಡು ಖಾನೆ ಹಾಕಿದ್ದಾಳೆ. ಒಂದು 'ಹೇಳಿದವರು', ಇನ್ನೊಂದು 'ಹೇಳಿದ ದಿನ'. ಒಳ್ಳೆಯ ಯೋಚನೆ. ನನಗೆ ಹೊಳೆದಿರಲಿಲ್ಲ. ದಾರ ಕಟ್ಟಿದೆಯೋ ಇಲ್ಲವೋ ಎಂಬುದಕ್ಕೂ ಒಂದು ಗುರುತು ಇದೆ.

ಹನ್ನೊಂದರಲ್ಲಿ ಉಳಿದ ಹತ್ತನ್ನೂ ಒಂದೊಂದಾಗಿ ತೆರೆದೆ. ನನ್ನ ಫೈಲು ಕೈಯಲ್ಲಿದ್ದರೂ ಅದನ್ನು ನಂಬಿಲ್ಲ ಅವಳು. ಹತ್ತು ಮನೆಗೂ ಮತ್ತೆ ಹೋಗಿದ್ದಾಳೆ. ಹೇಳಿದವರು ಸಿದ್ದಯ್ಯ, ಹೇಳಿದವರು ದೊಡ್ಡಲಕ್ಷ್ಮಮ್ಮ, ಹೀಗೆ. ಸಣ್ಣ ಗೌರಿ, ದೊಡ್ಡ ಗೌರಿ ಎಂದು ಸರಿಯಾಗಿ ಬರೆದಿದ್ದಾಳೆ. ಕೆಂಪಿಯ ಎದುರು 'ಹೇಳಿದವರು: ಮಾಯಮ್ಮ' ಎಂದಿದೆ. ಹತ್ತಕ್ಕೂ ಕೆಂಪಿಗೂ ದಾರ ಕಟ್ಟಿಯಾಗಿದೆ. ನಾನಾಗಿದ್ದರೂ ಹೀಗೇ ಮಾಡುತ್ತಿದ್ದೆ, ನನ್ನಂಥವನ ಫೈಲನ್ನು ನಂಬುತ್ತಿರಲಿಲ್ಲ. ನನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಕೆಳಗಿನವರೆಗೂ ನೋಡಿದೆ.

ಕೊನೆಯಲ್ಲಿ ಚುಕ್ಕಿ ಇತ್ತು. ಸತ್ತ ಹಸುವನ್ನು ಪಟ್ಟಿಯಿಂದ ತೆಗೆಯುವುದು ವಾಡಿಕೆ, ಅವಳು ತೆಗೆದಿರಲಿಲ್ಲ. ಮುಟ್ಟಿದೆ, ಕೆಂಪಾಯಿತು.

ಆಗದ ಔಷಧಿ: ಪೆನ್ಸಿಲಿನ್. ಸತ್ತ ದಿನ: ಆಗಸ್ಟ್ 27. ಹೇಳಿದವರು: ಬಾಲರಾಜು. ಹೇಳಿದ ದಿನ: ಸೆಪ್ಟೆಂಬರ್ 1.

ತಪ್ಪಿದ್ದರೆ ತಿಳಿಸಿ ಎಂದಿದ್ದಳು. ತಪ್ಪಿಲ್ಲ ಎಂದು ಬರೆದು ಕಳಿಸಿದೆ.